ಅಳತೆಗೆ ಒಬ್ಬ ಮನುಷ್ಯ

ಇಂಡಿಯಾನಾ ದಾಟಿ ಮಿಶಿಗನ್ ಒಳಗೆ ಬರುತ್ತಲೇ ಅಲ್ಲಿಯ ಗಡಿಯಾರ ಮುಂದಿರುವುದರಿಂದ ಒಂದು ಗಂಟೆ ಸುಮ್ಮನೆ ಕಳೆದುಹೋಗುತ್ತದೆ ಎಂಬುದು ಹದಿನಾಲ್ಕು ವರ್ಷದಿಂದ ಗೊತ್ತಿದ್ದ ಸಂಗತಿಯೇ. ಆದರೂ ಕಾರಿನ ಗಡಿಯಾರ ಒಂಬತ್ತೂಕಾಲು ತೋರಿಸುವಾಗ ಗ್ಯಾಸ್ ಸ್ಟೇಷನ್ನಿನ ಗೋಡೆಯ ಮೇಲೆ ಹತ್ತೂಕಾಲು ಕಂಡು ಪದ್ಮನಾಭನಿಗೆ ಯಾರೋ ಮೋಸ ಮಾಡಿದರೆಂಬಂತೆ ಸಿಟ್ಟು ಬಂತು. ಮೋಸ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಪೆನ್ ಡ್ರೈವ್ ಇತ್ತು. ಅದರಲ್ಲಿ ಗೆಳೆಯ ಗುರುಸಿದ್ದನ ಮಗಳು ಶಾಲೆಗೆಂದು ಕೇಳಿದ್ದ, ವಿಯೆಟ್ನಾಮಿನ ಕಲ್ಲುಗಳ ಅರವತ್ತೆರಡು ಫೋಟೋಗಳು. 'ಮೇಲ್ ಮಾಡಿದ್ರೆ ಆಗಲ್ವಾ? ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡ್ಕೊಂಡು ಹೋಗಿ ಕೊಡೋ ಅಂಥದ್ದೇನಿದೆ ಅದ್ರಲ್ಲಿ?' ಎಂದು ಬೆಳಿಗ್ಗೆ ನೇಪರ್‌ವಿಲ್ಲಿನ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಜಯಾ ಕೇಳಿದ್ದಳು. ಗುರುವಾರ ಅವರು ದೇಶ ಬಿಟ್ಟು ಹೋಗುತ್ತಾರಲ್ಲ, ಒಂದು ಸಲ ನೋಡಿ ಬರುತ್ತೇನೆ ಎಂದು ಗೊಣಗಿ, ಅವಳ ಮುಖ ನೋಡದೆ ಬೂಟಿನ ಲೇಸು ಕಟ್ಟಿಕೊಂಡಿದ್ದ. ನೋಡಿ ಬರುವುದಕ್ಕಲ್ಲ, ಹೇಳಿ ಬರುವುದಕ್ಕೆ ಹೊರಟಿದ್ದೇನೆ ಎಂದು ಕಟ್ಟಿಕೊಂಡ ಹೆಂಡತಿಗೇ ಹೇಳಲಾರದವನು ಅಲ್ಲಿ ಹೋಗಿ ಗುರುಸಿದ್ದನಿಗೆ ಹೇಗೆ ಹೇಳಿಯಾನು? ಒಂದು ತಿಂಗಳಿನಿಂದ ಅದು ಬಾಯಲ್ಲಿ ಬಿಸಿತುಪ್ಪವಾಗಿ ಕೂತಿತ್ತು. ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ. ಅದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಗುರುಸಿದ್ದ ವಿಜಾಪುರದ ಕಡೆಯವನು, ತನಗಿಂತ ಹತ್ತು ವರ್ಷ ಚಿಕ್ಕವನು. ಮಿಶಿಗನ್ನಿನ ಡಿಯರ್‌ಬಾರ್ನಿನ ಆಫೀಸಿನಲ್ಲಿ ಕಾರಿನ ವೈರುಗಳ ಕಟ್ಟು ವಿನ್ಯಾಸ ಮಾಡುವ ಗುಂಪಿಗೆ ಪದ್ಮನಾಭ ಮುಖ್ಯಸ್ಥನಾಗಿದ್ದ, ಗುರುಸಿದ್ದ ಅವನ ಕೈಕೆಳಗಿನ ಇಂಜಿನಿಯರ್. ನಾಲ್ಕು ವರ್ಷ ಇಬ್ಬರೂ ಒಂದೇ ಕಾರಿನಲ್ಲಿ ಓಡಾಡಿದ್ದರು. ಒಂದು ವಾರ ಇವನ ಕಾರು, ಇನ್ನೊಂದು ವಾರ ಅವನ ಕಾರು ಎಂದು ಮಾತಾಗಿತ್ತಾದರೂ, ಹಿಮ ಬಿದ್ದು ರಸ್ತೆ ಜಾರುವ ದಿನ ಪದ್ಮನಾಭನ ಕೈ ಸ್ಟೀರಿಂಗ್ ಮೇಲೆ ಬೆವರುವುದನ್ನು ಕಂಡ ಗುರುಸಿದ್ದ ಯಾವ ವಾರವೆಂದು ಕೇಳದೆ ತಾನೇ ಬಂದು ಹಾರ್ನ್ ಹೊಡೆಯುತ್ತಿದ್ದ. ಅವನ ಹೆಂಡತಿ ಶಿವಕ್ಕ ಕಳಿಸುವ ಡಬ್ಬಿಯಲ್ಲಿ ಯಾವಾಗಲೂ ಎರಡು ರೊಟ್ಟಿ ಹೆಚ್ಚು. ಸರಗೆ ಶೇಂಗಾ ಚಟ್ನಿ ಸೇರತೈತಿ ಎಂದು ಗುರುಸಿದ್ದ ಒಂದು ದಿನ ಅಂದದ್ದೇ ನೆಪ, ಆಮೇಲೆ ಚಟ್ನಿ ತಪ್ಪಲಿಲ್ಲ. ಸೆಪ್ಟೆಂಬರ್ ಎರಡನೇ ತಾರೀಖು ಗುರುಸಿದ್ದನ ಕೆಲಸ ಹೋಯಿತು. ಆಗ ಪದ್ಮನಾಭ ವೈರು ತಯಾರಿಸುವ ಫ್ಯಾಕ್ಟರಿ ನೋಡಲು ವಿಯೆಟ್ನಾಮಿಗೆ ಹೋಗಿದ್ದ. ವಾಪಸು ಬಂದ ಮೇಲೆ ಅವನನ್ನು ನೋಡಲು ಹೋದಾಗ ಗುರುಸಿದ್ದ ಒಂದು ದೂರೂ ಹೇಳದೆ, 'ನೀವ್ ಇಲ್ಲಿ ಇದ್ದಿದ್ರ ಹಿಂಗ ಆಗತಿದ್ದಿಲ್ಲರಿ ಸರ' ಎಂದ. ಪದ್ಮನಾಭ ಏನು ಹೇಳಿದ? ಟೈಮ್ ಸರಿ ಇಲ್ಲ, ಇಡೀ ದೇಶವೇ ಹೀಗಾಗಿದೆ, ಏನು ಮಾಡೋದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಶಿವಕ್ಕ ಕೊಟ್ಟ ಚಹಾ ಕುಡಿದು ಎದ್ದು ಬಂದ. ವೀಸಾ ಇದ್ದದ್ದು ಕೆಲಸದ ಮೇಲೆ, ಕೆಲಸ ಹೋದರೆ ದೇಶವೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಚಹಾಕ್ಕೆ ಏಲಕ್ಕಿ ಜಾಸ್ತಿಯಾಗಿತ್ತು.

ಕಲಮಝೂ ಊರು ದಾಟುವಾಗ ಎಡಕ್ಕೆ ಒಂದು ಕಪ್ಪು ಹೊಲ ಬಂತು, ಆಗ ತಾನೇ ಉತ್ತಿದ್ದು, ಮಳೆಯ ನೀರು ಸಾಲಿನಲ್ಲಿ ನಿಂತು ಹೊಳೆಯುತ್ತಿತ್ತು. ಫೋಟೋಗಳ ಆ ಕಲ್ಲುಗಳೂ ಹಾಗೇ ಇದ್ದವು, ಕಪ್ಪಗೆ, ಒದ್ದೆಯಾಗಿ. ಸೆಪ್ಟೆಂಬರ್ ಎರಡು, ವಿಯೆಟ್ನಾಮಿನ ರಾಷ್ಟ್ರೀಯ ದಿನವೆಂದು ಅವತ್ತು ಫ್ಯಾಕ್ಟರಿಗೆ ರಜೆ. ಫ್ಯಾಕ್ಟರಿಯವರು ಕೊಟ್ಟಿದ್ದ ದುಭಾಷಿ ಹುಡುಗಿ ಲಾನ್, ಇಷ್ಟು ದೂರ ಬಂದು ಬರೀ ವೈರು ನೋಡಿಕೊಂಡು ಹೋಗುತ್ತೀರಾ ಎಂದು ಹಿಂದಿನ ಸಂಜೆಯೇ ಹೊರಡಿಸಿ, ಫೂ ಯೆನ್ ಪ್ರಾಂತದ ಕಡಲ ತೀರಕ್ಕೆ ಕರೆದೊಯ್ದಿದ್ದಳು. ಅಲ್ಲಿ ನೆಲ ಸಮುದ್ರದೊಳಗೆ ಮೂಗು ಚಾಚಿದ ಹಾಗೆ ಒಂದು ಭೂಶಿರ. ಯಾವುದೋ ಕಾಲದಲ್ಲಿ ಜ್ವಾಲಾಮುಖಿ ಉಕ್ಕಿ ಹರಿದ ಕಲ್ಲು ಕಡಲ ನೀರಿಗೆ ತಾಕಿ, ತಣ್ಣಗಾಗುತ್ತ ಬಿರಿದು, ಆರು ಮೂಲೆಯ ಕಂಬಗಳಾಗಿ ನಿಂತಿದೆ. ಒಂದರ ಪಕ್ಕ ಒಂದು, ಸಾವಿರಾರು. ಹೆಸರಿನ ಅರ್ಥವೇ ತಟ್ಟೆಕಲ್ಲು ಎಂದಳು ಲಾನ್. ನಿಜ, ಮದುವೆ ಮನೆಯಲ್ಲಿ ತೊಳೆದು ಪೇರಿಸಿಟ್ಟ ತಟ್ಟೆಗಳ ಹಾಗೇ ಕಾಣುತ್ತಿತ್ತು. ಮೈಸೂರಿನ ಹೈಸ್ಕೂಲಿನಿಂದ ಪ್ರವಾಸ ಹೋದಾಗ ಮಲ್ಪೆಯ ಹತ್ತಿರದ ದ್ವೀಪದಲ್ಲೂ ಇಂಥವೇ ಕಂಬಗಳನ್ನು ನೋಡಿದ್ದ, ಅವತ್ತು ಅವುಗಳ ಮೇಲೆ ಕೂತು ಪುಳಿಯೋಗರೆ ತಿಂದಿದ್ದ. ಅಷ್ಟು ಹತ್ತಿರ ಇದ್ದದ್ದನ್ನು ನೋಡಲು ಇಷ್ಟು ದೂರ ಬರಬೇಕಾಯಿತೇ ಎಂದು ನಗು ಬಂತು. ಕೆಳಗೆ ನೀರಿನಲ್ಲಿ ಮೀನುಗಾರರ ದುಂಡನೆಯ ಬುಟ್ಟಿದೋಣಿಗಳು, ಥೇಟ್ ಹಂಪಿಯ ಹರಿಗೋಲು. ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಪೂರ್ವದಲ್ಲಿ ಕೆಂಪು ಮಾತ್ರ. ಬೂಟು ಕಳಚಿ ಬರಿಗಾಲಲ್ಲಿ ಕಂಬದಿಂದ ಕಂಬಕ್ಕೆ ಹೆಜ್ಜೆ ಇಡುತ್ತ ಹೋದ. ಕಲ್ಲು ರಾತ್ರಿಯ ತಂಪನ್ನು ಹಾಗೇ ಹಿಡಿದಿಟ್ಟುಕೊಂಡಿತ್ತು. ಎಷ್ಟು ವರ್ಷದ ಮೇಲೆ ಅಂಗಾಲಿಗೆ ಕಲ್ಲು ತಾಕಿತ್ತೋ, ಅವನು ಸುಖವಾಗಿದ್ದ. ಆ ಕ್ಷಣ ಸುಖವಾಗಿದ್ದೆ ಎಂಬುದನ್ನು ಅವನು ಈಗಲೂ ತನಗೆ ತಾನೇ ಕ್ಷಮಿಸಿಕೊಂಡಿಲ್ಲ.

ಫೋನು ಬಂದದ್ದು ಆಗ. ಡಿಯರ್‌ಬಾರ್ನಿನಿಂದ ಮ್ಯಾನೇಜರ್ ಕ್ರೇಗ್. ಹೊತ್ತಲ್ಲದ ಹೊತ್ತಿನಲ್ಲಿ ಕರೆದಿದ್ದಕ್ಕೆ ಕ್ಷಮೆ ಕೇಳಿ, ಸುತ್ತಿ ಬಳಸದೆ ಹೇಳಿದ: ನಿನ್ನ ಗುಂಪಿನಿಂದ ಒಬ್ಬರನ್ನು ತೆಗೆಯಬೇಕು, ಏಳು ಗಂಟೆಗೆ ಪಟ್ಟಿ ಹೋಗುತ್ತದೆ, ಕೆವಿನ್ ಅಥವಾ ಗುರು, ಇಬ್ಬರ ಕೆಲಸವೂ ನಿನಗೆ ಗೊತ್ತು, ಒಂದು ಹೆಸರು ಹೇಳು. ಕೆಲಸ ನೋಡಿ ಹೇಳುವುದಾದರೆ ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಕೆವಿನ್ ಮಾಡಿದ ಡ್ರಾಯಿಂಗನ್ನು ಗುರುಸಿದ್ದ ಸದ್ದಿಲ್ಲದೆ ತಿದ್ದಿಡುತ್ತಿದ್ದ. ಹಾಗೆಂದು ಹೇಳಲು ಬಾಯಿ ತೆರೆದವನಿಗೆ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನೆನಪಾಯಿತು. ಕ್ಯಾಂಟೀನಿನಲ್ಲಿ ತಾವಿಬ್ಬರು ಒಂದೇ ಡಬ್ಬಿ ನಡುವೆ ಇಟ್ಟುಕೊಂಡು ಕನ್ನಡದಲ್ಲಿ ಹರಟುತ್ತಿರುವಾಗ ಅಮೆರಿಕದವನೇ ಆದ ಕೆವಿನ್ ತಟ್ಟೆ ಹಿಡಿದು ಬಂದು, ನಮ್ಮ ಕೆಲಸ ಯಾರಿಗೆ ಹಂಚಬೇಕು ಅಂತ ನೀವಿಬ್ಬರೂ ತೀರ್ಮಾನ ಮಾಡುತ್ತಿದ್ದೀರಾ ಎಂದು ಕೇಳಿದ್ದ. ಸುತ್ತ ನಾಲ್ಕು ಜನ ನಕ್ಕರು, ಪದ್ಮನಾಭನೂ ನಕ್ಕ. ಅವತ್ತಿನಿಂದ ಅವನು ಕ್ಯಾಂಟೀನಿನಲ್ಲಿ ಗುರುಸಿದ್ದನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದ. ಈಗ ಕೆವಿನ್ ಹೆಸರು ಹೇಳಿದರೆ ಏನಂದಾರು? ತನ್ನವನನ್ನು ಉಳಿಸಿಕೊಂಡ ಎಂದಾರು. ಕೆಂಪು ಹಳದಿಯಾಗುತ್ತಿತ್ತು. ಇನ್ನೊಂದು ನಿಮಿಷದಲ್ಲಿ ಸೂರ್ಯ ಬರುತ್ತಾನೆ, ಅಷ್ಟರೊಳಗೆ ಈ ಫೋನು ಮುಗಿದರೆ ಸಾಕು ಎಂದೂ ಅನ್ನಿಸಿತ್ತು. ಹೌದು, ಹಾಗೂ ಅನ್ನಿಸಿತ್ತು. 'ಗುರು' ಎಂದ. 'ಅವನು ಅರ್ಥ ಮಾಡಿಕೊಳ್ಳುತ್ತಾನೆ' ಎಂದೂ ಸೇರಿಸಿದ. ಆ ಕಡೆಯಿಂದ ಕ್ರೇಗ್, ಇದಕ್ಕೆ ದೊಡ್ಡ ಮನಸ್ಸು ಬೇಕು ಪದ್ದಿ, ಎಲ್ಲರಿಂದಲೂ ಆಗುವುದಿಲ್ಲ ಎಂದ.

ದೊಡ್ಡ ಮನಸ್ಸು! ಇಡೀ ದಿನ ಆ ಮಾತನ್ನು ಬೆಲ್ಲದ ಚೂರಿನ ಹಾಗೆ ಬಾಯಲ್ಲಿಟ್ಟುಕೊಂಡು ಓಡಾಡಿದ. ಎಳನೀರು ಕುಡಿದ, ಹರಿಗೋಲಿನಲ್ಲಿ ಕೂತು ಒಂದು ಸುತ್ತು ಹೋಗಿಬಂದ, ಲಾನ್‌ಗೆ ಮಲ್ಪೆಯ ಕಥೆ ಹೇಳಿದ. ಸಂಜೆ ಹೋಟೆಲಿನ ಬಚ್ಚಲಲ್ಲಿ ಅಂಗಾಲಿನ ಮರಳು ತೊಳೆಯುವಾಗ ಮಾತ್ರ ಹಿಮದ ದಿನದ ಹಾರ್ನ್ ಕೇಳಿಸಿದ ಹಾಗಾಗಿ, ಏನು ಮಾಡಿಬಿಟ್ಟೆ ಎಂದು ಹಾಗೇ ತೊಟ್ಟಿಯ ಅಂಚಿಗೆ ಕೂತುಬಿಟ್ಟ. ವಾಪಸು ಫೋನ್ ಮಾಡಬಹುದಿತ್ತು. ಅಲ್ಲಿ ಬೆಳಗಾಗುತ್ತಿತ್ತಷ್ಟೆ. ಮಾಡಲಿಲ್ಲ. ಎರಡು ವಾರದ ನಂತರ ಕೆವಿನ್ ತಾನಾಗಿಯೇ ಬೇರೆ ಕಡೆ ಕೆಲಸ ನೋಡಿಕೊಂಡು ಹೋದ. ಉಳಿದವರನ್ನು, ಈಗ ಅವನಿರುವ ಬಾಡಿಗೆ ಮನೆಗೆ ಹತ್ತಿರದ ಇಟಾಸ್ಕಾದ ಆಫೀಸಿಗೆ ಹಾಕಿದರು. ಪದ್ಮನಾಭನಿಗೆ ಅಲ್ಲಿ ಕಿಟಕಿ ಇರುವ ಕೋಣೆ ಸಿಕ್ಕಿತು.

ಹನ್ನೆರಡಕ್ಕೆ ಬರುತ್ತೇನೆಂದವನು ಮುಟ್ಟಿದಾಗ ಒಂದೂಕಾಲು. ಬಾಡಿಗೆಯ ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ಗುರುಸಿದ್ದ ನಿಂತಿದ್ದ, 'ಬರ್ರಿ ಸರ, ಬರ್ರಿ, ಒಂದು ತಾಸು ಅಲ್ಲೇ ಬಿಟ್ಟು ಬಂದೀರಿ ಅಂತ ನಾ ಅಂದೆ' ಎಂದು ನಗುತ್ತ ಕೈಯ ಚೀಲ ಇಸಿದುಕೊಂಡ. ಸೋಫಾ ಹೋಗಿತ್ತು, ಊಟದ ಮೇಜೂ ಹೋಗಿತ್ತು. ಹಾಲಿನಲ್ಲಿ ಒಂದು ಜಮಖಾನ, ಗೋಡೆಯುದ್ದಕ್ಕೂ ಟೇಪು ಸುತ್ತಿದ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ಗುರುಸಿದ್ದನ ಒಪ್ಪವಾದ ಕೈಬರಹದಲ್ಲಿ ಒಳಗೇನಿದೆ ಎಂಬ ವಿವರ. ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಶಿವಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಇಣುಕಿ, 'ಆರಾಮ ಅದೀರೇನ್ರಿ ಅಣ್ಣಾರ? ಅಕ್ಕಾರನ್ನೂ ಕರಕೊಂಡು ಬರಬೇಕಿತ್ತು' ಎಂದು ಒಳಗೆ ಹೋದಳು. ಮತ್ತೆ ಸದ್ದು ಶುರುವಾಯಿತು. ಈಗಲೇ ಹೇಳಿಬಿಡಲೇ ಎಂದುಕೊಂಡ. ಕೂರದೆ, ನೀರು ಕುಡಿಯದೆ, ನಿಂತ ಕಾಲಲ್ಲೇ ಹೇಳಿ ಹೊರಟುಬಿಟ್ಟರೆ? ಅಷ್ಟರಲ್ಲಿ ಒಳಗಿನಿಂದ ಅವರ ಮಗಳು ಅಕ್ಷರಾ ಒಂದು ದೊಡ್ಡ ಬಿಳಿ ರಟ್ಟು ಹಿಡಿದು ಓಡಿಬಂದಳು. ಒಂಬತ್ತು ವರ್ಷದ ಹುಡುಗಿ. ಸೋಮವಾರ ಶಾಲೆಯಲ್ಲಿ ಕಲ್ಲುಗಳ ಪ್ರಾಜೆಕ್ಟ್ ತೋರಿಸಬೇಕು, ಉಳಿದವರೆಲ್ಲ ಕೆರೆಯ ಬದಿಯ ಉರುಟು ಕಲ್ಲು ತರುತ್ತಾರೆ, ತನ್ನದು ಮಾತ್ರ ಜ್ವಾಲಾಮುಖಿಯ ಕಲ್ಲು. ಗುರುವಾರ ಬಿಟ್ಟು ಹೋಗುವ ಶಾಲೆಗೆ ಯಾಕಮ್ಮ ಇಷ್ಟು ಕಷ್ಟಪಡುತ್ತೀ ಎಂದು ಯಾರೂ ಅವಳನ್ನು ಕೇಳಿದ ಹಾಗಿರಲಿಲ್ಲ.

ಲ್ಯಾಪ್‌ಟಾಪನ್ನು ಒಂದು ಪೆಟ್ಟಿಗೆಯ ಮೇಲಿಟ್ಟು ಮೂವರೂ ಜಮಖಾನದ ಮೇಲೆ ಕೂತರು. ಸೂರ್ಯ ಹುಟ್ಟುವ ಹೊತ್ತಿಗೆ ತೆಗೆದದ್ದು ಎಂದು ಪದ್ಮನಾಭ ಹೇಳುತ್ತಿದ್ದಂತೆ ಕಲ್ಲುಗಳು ಒಂದೊಂದಾಗಿ ಬಂದವು. ಗುರುಸಿದ್ದ ಕಣ್ಣರಳಿಸಿ ನೋಡುತ್ತ, ಇದು ನಮ್ಮೂರ ಕರಿಕಲ್ಲೇ, ನಮ್ಮ ಹೊಲದ ಬಾವಿ ತೋಡುವಾಗ ಇಂಥದೇ ಬಂದಿತ್ತು, ಆದರೆ ಇಷ್ಟು ಶಿಸ್ತಿರಲಿಲ್ಲ ಎಂದು ಮಗಳಿಗೆ ವಿವರಿಸಿದ. ಮಗಳಿಗೆ ಸಮಾಧಾನವಾಗಲಿಲ್ಲ. 'ಬಟ್ ಅಂಕಲ್, ವೇರ್ ಇಸ್ ದ ಸ್ಕೇಲ್?' ಎಂದಳು. ಕಲ್ಲಿನ ಫೋಟೋ ಎಂದರೆ ಅದರ ಪಕ್ಕ ಒಂದು ನಾಣ್ಯವೋ ಪೆನ್ನೋ ಮನುಷ್ಯನೋ ಇರಲೇಬೇಕು, ಇಲ್ಲದಿದ್ದರೆ ಕಲ್ಲು ಎಷ್ಟು ದೊಡ್ಡದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಅವಳ ಟೀಚರ್ ಹೇಳಿದ್ದಾರಂತೆ. ಮನುಷ್ಯ ಇರುವ ಫೋಟೋ ಒಂದೇ ಒಂದಿತ್ತು, ನಲವತ್ತೊಂದನೆಯದು. ಲಾನ್ ಅವನ ಕ್ಯಾಮೆರಾದಲ್ಲೇ ಅವನಿಗೆ ಹೇಳದೆ ತೆಗೆದದ್ದು. ಅಳಿಸಬೇಕೆಂದು ಎಷ್ಟೋ ಸಲ ಬೆರಳಿಟ್ಟಿದ್ದ, ಅಳಿಸಿರಲಿಲ್ಲ. ತಾನು ಹೇಳಲಾಗದಿದ್ದರೆ ಅದಾದರೂ ಹೇಳಲಿ ಎಂಬ ಹೇಡಿಯ ಆಸೆ ಇತ್ತು, ಈಗ ಅದು ತೆರೆಯ ಮೇಲೆ ಬರುವ ಹೊತ್ತಿಗೆ, ಅಯ್ಯೋ ಅಳಿಸಿಬಿಡಬೇಕಿತ್ತು ಎನಿಸಿತು.

ಬಂತು. ಕಪ್ಪು ಕಂಬಗಳ ನಡುವೆ ಬರಿಗಾಲಲ್ಲಿ ನಿಂತ ಪದ್ಮನಾಭ, ಕಿವಿಯಲ್ಲಿ ಫೋನು, ಹಿಂದೆ ಕೆಂಪಾದ ಆಕಾಶ. ಮುಖದಲ್ಲಿ ಮುಗುಳ್ನಗೆ. ದೊಡ್ಡ ಮನಸ್ಸು ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯೇ ಇದ್ದಿರಬೇಕು. ಅಕ್ಷರಾ ಚಪ್ಪಾಳೆ ತಟ್ಟಿದಳು, ಇದೇ ಬೇಕಾಗಿದ್ದದ್ದು. 'ಹೂ ಆರ್ ಯೂ ಟಾಕಿಂಗ್ ಟು, ಅಂಕಲ್?' ಎಂದು ಕೇಳಿದಳು. ಮನೆಗೆ, ಜಯಾ ಆಂಟಿಗೆ, ಎಂದ ಪದ್ಮನಾಭ. ಎಷ್ಟು ಸರಾಗವಾಗಿ ಬಂತು ಆ ಸುಳ್ಳು! ಹುಡುಗಿ ತೆರೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಫೋಟೋದ ಮೂಲೆಯಲ್ಲಿ ಮೂಡಿದ್ದ ಕಿತ್ತಳೆ ಬಣ್ಣದ ಅಂಕಿಗಳನ್ನು ಓದಿದಳು. ಸೆಪ್ಟೆಂಬರ್ ಒಂದು, ಸಂಜೆ ಆರು ಮೂವತ್ತನಾಲ್ಕು. ಸೂರ್ಯ ಹುಟ್ಟುವ ಹೊತ್ತು ಎಂದಿರಲ್ಲ, ಸಂಜೆ ಹೇಗೆ ಬಂತು ಎಂದಳು. ಕ್ಯಾಮೆರಾದಲ್ಲಿ ಅಲ್ಲಿಯ ಟೈಮ್ ಹಾಕಿರಲಿಲ್ಲ, ಇಲ್ಲಿಯ ಟೈಮನ್ನೇ ಬಿಟ್ಟಿದ್ದೆ ಎಂದ ಪದ್ಮನಾಭ. ಅದು ಅವನ ಹಳೆಯ ಚಾಳಿ. ಅಮೆರಿಕಕ್ಕೆ ಬಂದ ಹೊಸತರಲ್ಲಿ ಅಮ್ಮನಿಗೆ ಈಗ ಎಷ್ಟು ಗಂಟೆಯಾಗಿದೆ ಎಂದು ತಿಳಿಯಲು ಎರಡು ವರ್ಷ ಕೈಗಡಿಯಾರವನ್ನು ಮೈಸೂರಿನ ಟೈಮಿಗೇ ಇಟ್ಟುಕೊಂಡು, ಆಫೀಸಿನವರ ನಗೆಗೀಡಾಗಿದ್ದ. ಎಲ್ಲಿಗೆ ಹೋದರೂ ಬಿಟ್ಟುಬಂದ ಕಡೆಯ ಗಂಟೆ ಹಿಡಿದುಕೊಂಡೇ ಹೋಗುವವನು.

'ಅಂದ್ರ ಇದು ಮಂಗಳವಾರ ಸಂಜೀದು' ಎಂದ ಗುರುಸಿದ್ದ. ಅವನ ದನಿಯಲ್ಲಿ ಸಂಶಯವೇನೂ ಇರಲಿಲ್ಲ, ನೆನಪು ಮಾತ್ರ ಇತ್ತು. ಆ ಸಂಜೆ ತಾನಿನ್ನೂ ಆಫೀಸಿನಲ್ಲೇ ಇದ್ದೆ, ಸರ್ ಬಿಟ್ಟು ಹೋಗಿದ್ದ ಟೆಸ್ಟ್ ರಿಪೋರ್ಟ್ ಮುಗಿಸುತ್ತಿದ್ದೆ ಎಂದು ಹೇಳತೊಡಗಿದ. ಕ್ರೇಗ್ ಗಾಜಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸ್ಪೀಕರ್ ಫೋನಿನಲ್ಲಿ ಮಾತಾಡುತ್ತಿದ್ದ, ಮಾತು ತಿಳಿಯಲಿಲ್ಲ, ಆದರೆ ಸಮುದ್ರದ ಸದ್ದಿನ ನಡುವೆ ಸರ್‌ನ ದನಿ ತನಗೆ ಗುರುತು ಸಿಕ್ಕಿತು. ಪಟ್ಟಿ ಆಗುತ್ತಿದೆ ಎಂದು ಆಫೀಸೆಲ್ಲ ಗುಸುಗುಸು ಇತ್ತು. 'ನಿಮ್ಮ ದನಿ ಕೇಳಿ ನನಗ ಧೈರ್ಯ ಬಂತ್ರಿ ಸರ. ಸರ ಮಾತಾಡಾಕತ್ತಾರ, ಇನ್ನ ಚಿಂತಿಲ್ಲ ಅಂತ ಕಂಪ್ಯೂಟರ್ ಬಂದ್ ಮಾಡಿ ಮನಿಗೆ ಬಂದೆ. ಶಿವಕ್ಕಗೂ ಹಂಗ ಹೇಳಿದೆ.' ಅಷ್ಟು ಹೇಳಿ ಮತ್ತೆ ಫೋಟೋ ನೋಡಿದ. ಫೋಟೋದಿಂದ ಕಣ್ಣು ತೆಗೆದು ಪದ್ಮನಾಭನನ್ನು ನೋಡಿದ. ಜಯಾ ಆಂಟಿ ಎಂದು ಈಗಷ್ಟೇ ಹೇಳಿದ ಸುಳ್ಳು ಸಿಕ್ಕಿಬಿದ್ದಿತ್ತು. ಗುರುಸಿದ್ದ ಮಗಳಿಗೆ, ಒಳಗಿನ ಕೋಣೆಯಿಂದ ಅಳೆಯುವ ಟೇಪು ಹುಡುಕಿಕೊಂಡು ಬಾ ಎಂದ.

ಹುಡುಗಿ ಹೋದ ಮೇಲೆ ಪದ್ಮನಾಭ ಜಮಖಾನದ ಅಂಚಿನ ಎಳೆ ನೋಡುತ್ತ ಹೇಳಿದ: 'ಕ್ರೇಗ್ ಒಂದು ಹೆಸರು ಕೇಳಿದ, ಗುರುಸಿದ್ದ. ನಾನು ನಿಮ್ಮ ಹೆಸರು ಹೇಳ್ದೆ.'

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತು.

'ಕೆಲಸದಾಗ ನಾ ಕಡಿಮಿ ಇದ್ನೇನ್ರಿ?'

'ಇಲ್ಲ. ನೀವೇ ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ರಿ.'

'ಹಂಗಂತ ಅವಗ ಹೇಳಿದ್ರೇನು?'

'ಇಲ್ಲ.'

'ಮತ್ತ ಯಾಕ್ರಿ ಸರ?'

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕಾರಣಗಳು ಇದ್ದವು. ರಿಸೆಷನ್, ಏಳು ಗಂಟೆಯ ಗಡುವು, ಕೆವಿನ್ನನ ಮಕ್ಕಳ ಕಾಲೇಜು, ನೀವು ಚಿಕ್ಕವರು ಎಲ್ಲಾದರೂ ಕೆಲಸ ಸಿಗುತ್ತದೆ ಎಂಬುದು. ಒಂದೂ ನಾಲಿಗೆಗೆ ಬರಲಿಲ್ಲ. 'ನೀವು ನಮ್ಮೋರು ಅಂತ' ಎಂದ. 'ಬೇರೆಯೋರ ಹೆಸರು ಹೇಳಿದ್ರೆ ನಮ್ಮೋರನ್ನ ಉಳಿಸ್ಕೊಂಡ ಅಂತಾರೆ ಅಂತ.'

'ನಮ್ಮವರು ಅಂತ' ಎಂದು ಗುರುಸಿದ್ದ ಮೆಲ್ಲಗೆ ಹೇಳಿಕೊಂಡ. ಬೈಯಲಿಲ್ಲ. ಬೈದಿದ್ದರೆ, ಎದ್ದು ಹೋಗ್ರಿ ಎಂದಿದ್ದರೆ, ಪದ್ಮನಾಭ ಬೂಟು ಹಾಕಿಕೊಂಡು ಹೊರಗೆ ಬಂದು ಕಾರಿನಲ್ಲಿ ಕೂತು ಅಳಬಹುದಿತ್ತು. ಅದಕ್ಕೆ ತಯಾರಾಗಿಯೇ ಬಂದಿದ್ದ. ಗುರುಸಿದ್ದ ಮಾತ್ರ ಕೈಬೆರಳು ಮಡಚಿ ಏನೋ ಲೆಕ್ಕ ಹಾಕುವವನ ಹಾಗೆ ಕೂತಿದ್ದ, ಆಮೇಲೆ ಲೆಕ್ಕ ಬಿಟ್ಟ. ಅಡಿಗೆಮನೆಯ ಬಾಗಿಲಲ್ಲಿ ಶಿವಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಪದ್ಮನಾಭನನ್ನಲ್ಲ, ಗಂಡನನ್ನು ನೋಡುತ್ತಿದ್ದಳು. ನಾಲ್ಕು ವರ್ಷದ ಡಬ್ಬಿಗಳು, ಒಂದೊಂದರಲ್ಲೂ ಎರಡೆರಡು ಹೆಚ್ಚಿನ ರೊಟ್ಟಿಗಳು ಪದ್ಮನಾಭನ ಕಣ್ಣ ಮುಂದೆ ಬಂದವು. ಕ್ಷಮಿಸಿ ಎಂದು ಹೇಳಬೇಕು ಎಂದುಕೊಂಡ. ಆ ಮಾತು ಇಲ್ಲಿ ಎಷ್ಟು ಸಣ್ಣದು ಎಂದು ನಾಚಿಕೆಯಾಯಿತು.

ಅಕ್ಷರಾ ಟೇಪು ಹಿಡಿದು ಬಂದಳು. ಫೋಟೋದ ಕೆಳಗೆ ಅಂಕಲ್‌ನ ಎತ್ತರ ಬರೆಯಬೇಕು, ಆಗ ಕಲ್ಲಿನ ಎತ್ತರ ತಾನಾಗಿ ಗೊತ್ತಾಗುತ್ತದೆ. ಎಷ್ಟು ಎಂದು ಕೇಳಿದಳು. 'ಫೈವ್ ಏಯ್ಟ್' ಎಂದ ಪದ್ಮನಾಭ. ಡ್ರೈವಿಂಗ್ ಲೈಸೆನ್ಸಿನಲ್ಲಿ ಹಾಗೇ ಇತ್ತು, ಬರೆಸಿದ್ದು ಅವನೇ. ಹುಡುಗಿ ಬರೆಯಲು ಹೊರಟಾಗ ಗುರುಸಿದ್ದ ಎದ್ದು ಅವಳ ಕೈಯಿಂದ ಟೇಪು ತೆಗೆದುಕೊಂಡ.

'ನಿಂದರ್ರಿ ಸರ' ಎಂದ.

ಗೋಡೆಯ ಮೇಲೆ ಅಕ್ಷರಾಳ ಎತ್ತರದ ಗೆರೆಗಳು ಇದ್ದ ಜಾಗ ರಬ್ಬರಿನಿಂದ ಉಜ್ಜಿ ಉಜ್ಜಿ ಮಾಸಲು ಬೆಳ್ಳಗಾಗಿತ್ತು. ಅದಕ್ಕೆ ಬೆನ್ನು ಕೊಟ್ಟು ಪದ್ಮನಾಭ ನಿಂತ. ಹಿಮ್ಮಡಿ ಎತ್ತಬಾರದು ಅಂಕಲ್, ನೇರ ನಿಲ್ಲಿ ಎಂದು ಹುಡುಗಿ ಇಂಗ್ಲಿಷಿನಲ್ಲಿ ಗದರಿದಳು. ಅವನು ಹಿಮ್ಮಡಿ ಇಳಿಸಿದ. ಗುರುಸಿದ್ದನ ಮುಖ ಅವನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಎಷ್ಟೋ ಸಲ ಕಾರಿನಲ್ಲಿ ಇಷ್ಟೇ ಹತ್ತಿರ ಕೂತಿದ್ದರೂ ಅವನ ಕಣ್ಣನ್ನು ಹೀಗೆ ನೋಡಿರಲಿಲ್ಲ. ಗುರುಸಿದ್ದ ಅವನ ನೆತ್ತಿಯ ಮೇಲೆ ಒಂದು ಪುಸ್ತಕ ಮಟ್ಟಸವಾಗಿಟ್ಟು, ಪೆನ್ಸಿಲಿನಲ್ಲಿ ಗೋಡೆಗೆ ಗೆರೆ ಎಳೆದು, ನೆಲದಿಂದ ಟೇಪು ಹಿಡಿದು, ಬಗ್ಗಿ, ಎರಡು ಸಲ ಓದಿ ನೋಡಿದ. ಡ್ರಾಯಿಂಗಿನ ಅಳತೆಯನ್ನೂ ಅವನು ಹಾಗೇ ಎರಡು ಸಲ ಓದುತ್ತಿದ್ದ.

'ಐದು ಫೂಟ ಆರೂವರಿ ಇಂಚ. ಇದ್ದಷ್ಟ ಬರಕೊಳವ್ವ' ಎಂದ.

ಅಕ್ಷರಾ ಬರೆದುಕೊಂಡಳು. ಶಿವಕ್ಕ ಒಳಗೆ ಹೋದಳು, ಸ್ವಲ್ಪ ಹೊತ್ತಿನ ಮೇಲೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ. ಪದ್ಮನಾಭ ಗೋಡೆ ಬಿಟ್ಟು ಸರಿಯಬಹುದೋ ಇಲ್ಲವೋ ತಿಳಿಯದೆ ಇನ್ನೂ ಅಲ್ಲೇ ನಿಂತಿದ್ದ. ಗುರುಸಿದ್ದ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಕಿಟಕಿಯ ಕಟ್ಟೆಯ ಮೇಲಿದ್ದ ರಬ್ಬರು ತೆಗೆದುಕೊಂಡು ಆ ಗೆರೆಯನ್ನು ಅಳಿಸತೊಡಗಿದ.

'ಗ್ವಾಡಿ ಹೆಂಗಿತ್ತೋ ಹಂಗ ವಾಪಸ್ ಕೊಡಬೇಕ್ರಿ' ಎಂದ.